ಕಾರಿನಿಂದ ಇಳಿಸಿದ ಎಪ್ಪತ್ತೊಂದು ಕಿಲೋ

ರೀ,

ನೀವು ಏಳುವಷ್ಟರಲ್ಲಿ ನಾನು ರೇಸ್ ಟ್ರ್ಯಾಕ್ ಮುಟ್ಟಿರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ಸಿಂಕಿನ ಮೇಲಿರುವ ಗ್ರೀಸ್ ಕೈಗುರುತು ನನ್ನದೇ, ತನಿಖೆ ಬೇಡ.

ಹಾಲ್‌ನಲ್ಲಿರುವ ಕಾರಿನ ಹಿಂದಿನ ಸೀಟನ್ನು ಅಲ್ಲಿಂದ ಎತ್ತಬೇಡಿ. "ಇಂಥಾ ಮೆತ್ತನೆ ಚರ್ಮದ ಸೀಟನ್ನ ಕಾರಲ್ಲಿಟ್ಟು ಯಾಕಮ್ಮ ಹಾಳು ಮಾಡ್ತಿದ್ದೆ" ಎಂದು ಅತ್ತೆ ಅದರ ಮೇಲೆಯೇ ಠಿಕಾಣಿ ಹೂಡಿದ್ದಾರೆ.

ಎಂಜಿನ್ನಿಗೆ ಹೆಚ್ಚು ಗಾಳಿ ನೂಕುವ ಸೂಪರ್‌ಚಾರ್ಜರಿಗೆ ನಾನೇ ಲೇತಿನಲ್ಲಿ ಕಡೆದ ಚಿಕ್ಕ ಪುಲ್ಲಿ ಸರಿಯಾಗಿ ಕೂತಿದೆ. ನಿನ್ನೆ ಸಂಜೆ ಅದರ ಸೀಟಿ ಕೇಳಿ ನೀವು ಕುಕ್ಕರ್ ಆರಿಸಲು ಓಡಿದಿರಲ್ಲ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಡ.

ಇನ್ನು ನಿಮ್ಮ ದೂರು. "ಅರಮನೆಯಂಥ ಕಾರನ್ನ ಬೋಳು ಗುಡಿಸಲು ಮಾಡ್ಬಿಟ್ಯಲ್ಲೇ" ಅಂದಿರಿ. ಮಾಡಿದ್ದು ನಿಜ. ಹಿಂದಿನ ಸೀಟು, ಕಾರ್ಪೆಟ್ಟು, ಸ್ಟೆಪ್ನಿ, ಸ್ಪೀಕರುಗಳು, ಹಳೇ ಸೈಲೆನ್ಸರು, ಕಿತ್ತ ಒಂದೊಂದನ್ನೂ ಬಾತ್‌ರೂಮಿನ ತೂಕದ ಯಂತ್ರದ ಮೇಲಿಟ್ಟು ಬರೆದುಕೊಂಡೆ. ಎಪ್ಪತ್ತೊಂದು ಕಿಲೋ ಆದಕೂಡಲೇ ನಿಲ್ಲಿಸಿದೆ. "ಪಕ್ಕದ ಸೀಟೂ ತೆಗೀರಿ ಅಕ್ಕ, ಇನ್ನೂ ಹಗುರಾಗುತ್ತೆ" ಎಂದು ಗ್ಯಾರೇಜಿನವರು ದುಂಬಾಲು ಬಿದ್ದರು. ಜಪ್ಪಯ್ಯ ಅಂದರೂ ನಾನು ಒಪ್ಪಲಿಲ್ಲ.

ಮಧ್ಯಾಹ್ನದ ಸುತ್ತುಗಳಲ್ಲಿ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದು. ಅತ್ತೆಗೆ ಊಟ ಬಡಿಸಿ ಎರಡು ಗಂಟೆಗೆ ಬನ್ನಿ. ನಿಮ್ಮ ಅಳತೆಯ ಹೆಲ್ಮೆಟ್ ತಂದು ಬೀರುವಿನ ಮೇಲೆ ಇಟ್ಟಿದ್ದೇನೆ. ಹೆದರಿಕೆಯಾದರೆ ಕಣ್ಣು ಮುಚ್ಚಿಕೊಳ್ಳಿ, ನಾನಂತೂ ತೆರೆದುಕೊಂಡೇ ಓಡಿಸುತ್ತೇನೆ.

ಮೊನ್ನೆ ನೀವು ಆ ತೂಕದ ಯಂತ್ರದ ಮೇಲೆ ನಿಂತಾಗ ಹಿಂದಿನಿಂದ ಇಣುಕಿ ನೋಡಿದ್ದೆ. ಸರಿಯಾಗಿ ಎಪ್ಪತ್ತೊಂದು. ಬರುವಾಗ ದಾರಿಯಲ್ಲಿ ಏನೂ ತಿನ್ನಬೇಡಿ.