ಕಾಶವ್ವನ ಹೆಸರಿನ ಪಟ್ಟಿ

ಕ್ರಿ.ಶ. ೨೩೪೭, ಫೆಬ್ರವರಿ ೩೧

ಕೂತವರೇ, ನಿಂತವರೇ, ಕಂಕುಳಲ್ಲಿ ಕೂಸು ಹೊತ್ತು ಬಂದ ತಾಯಂದಿರೇ! ಮುನ್ನೂರು ವರ್ಷಗಳ ಆಚೆಯಿಂದ ಕೂಗುತ್ತಿದ್ದೇನೆ. ತಾರೀಖು ಕಂಡು ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತೊಂದು ದಿನ. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ನಾಟಕದವನ ಬಾಯಿ, ಮುಪ್ಪು ಬಂದರೂ ತಗ್ಗಲಿಲ್ಲ.

ನೆಮ್ಮದಿಪಟ್ಟಿ ನಿಮಗೆ ತಿಳಿಯದು. ಮಗುವಿಗೆ ನಾಲ್ಕು ತುಂಬುವ ಹೊತ್ತಿಗೆ ಹಣೆಯ ಹಿಂದಿನ ಮಿದುಳಿನಲ್ಲಿ ಒಂದು ಚಟುವಟಿಕೆ ಚುರುಕಾಗುತ್ತದೆ. ನಾಳೆ ಎಂಬುದು ಆಗ ಅದಕ್ಕೆ ಕಾಣತೊಡಗುತ್ತದೆ. ಕಂಡೊಡನೆ ಭಯವೂ ಹುಟ್ಟುತ್ತದೆ. ಕೆಲಸಕ್ಕೆ ಹೋದ ಅವ್ವ ನಾಳೆ ಬಾರದಿದ್ದರೆ? ಆ ಅಳು ಕೇಳಲಾರದೆ, ಆ ಚಟುವಟಿಕೆಯನ್ನೇ ತಣಿಸುವ ಪಟ್ಟಿಯನ್ನು ನಾವೇ ಮಾಡಿಸಿದೆವು. ಹಣೆಗೆ ಕಟ್ಟಿದರೆ ಚರ್ಮಕ್ಕೆ ಬೆಸೆದುಕೊಳ್ಳುತ್ತದೆ, ಬಿಚ್ಚಲು ಬರುವುದಿಲ್ಲ. ಊರಿನಲ್ಲಿ ಮಕ್ಕಳ ಅಳು ನಿಂತುಹೋಯಿತು.

ಕಟ್ಟುವವನು ನಾನೇ. ಕೂಸುಗಳು ಮಿಸುಕದೆ ಕೂರಬೇಕಲ್ಲ. ರಾಕ್ಷಸನ ಪಾತ್ರದ ಒಂದು ಗರ್ಜನೆ ಹಾಕಿದರೆ ಬಾಯಿ ತೆರೆದು ನೋಡುತ್ತವೆ, ಅಷ್ಟರಲ್ಲಿ ಕಟ್ಟಿಬಿಡುತ್ತೇನೆ. ದೊಡ್ಡ ಮೊಮ್ಮಗಳು ಹಂಪವ್ವನಿಗೂ ಈ ಕೈಯೇ ಕಟ್ಟಿತು. ಈಗ ಅವಳಿಗೆ ಹನ್ನೊಂದು. ಹೊಟ್ಟೆ ತುಂಬಿದರೆ ಉಳಿದ ರೊಟ್ಟಿ ಎಸೆಯುತ್ತಾಳೆ, ಸಂಜೆ ಹಸಿದಾಗ ಬೆರಗಾಗುತ್ತಾಳೆ. ಮೊದಲು ಕಟ್ಟಿಸಿಕೊಂಡವರಿಗೆ ಇಪ್ಪತ್ತೈದು ದಾಟಿದೆ. ಕಳೆದ ವರ್ಷ ಊರಿನ ಬಿತ್ತನೆಯ ಬೀಜವನ್ನೆಲ್ಲ ಹುರಿದು ತಿಂದರು. ನಗುನಗುತ್ತಲೇ ತಿಂದರು.

ಕಿರಿಯಳು ಕಾಶವ್ವ. 'ನಾಳೆ ಏನು, ನಾಡಿದ್ದು ಏನು ಅಂತ ತಲಿ ತಿಂತಾಳ, ಬೇಗ ಕಟ್ರಿ ಮಾವಾರ' ಎಂದು ಸೊಸೆ ಗೊಣಗುತ್ತಲೇ ಇದ್ದಳು. ಕಟ್ಟುವ ಮುನ್ನ ಊರೆದುರಿಗೆ ಒಂದು ಪರೀಕ್ಷೆ ಉಂಟು. ನಾಳೆ ಕಿಟಕಿಯಿಲ್ಲದ ಕೋಣೆಗೆ ಹೋಗಬೇಕು, ತಟ್ಟೆಯಲ್ಲಿರುವ ಸಿಹಿ ಉಂಡಿ, ದೀಪ ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುತ್ತೇವೆ. ಮಗು ಉಂಡಿ ಬಿಟ್ಟು ದೀಪ ಎತ್ತಿಕೊಂಡರೆ ಮಿದುಳು ಮಾಗಿದೆ, ಕಟ್ಟಲೇಬೇಕು ಎಂದರ್ಥ. ಇವತ್ತು ಕಾಶವ್ವ ದೀಪ ಎತ್ತಿಕೊಂಡು ನನ್ನ ಮುಖ ನೋಡಿದಳು.

"ಇನ್ನೊಂದು ದೀಪ ಕೊಡು ಮುತ್ಯಾ. ಅಕ್ಕಾನೂ ಒಳಗ ಬಂದ್ರ, ಕತ್ತಲಿ ಇರತೈತಿ ಅಂತ ಅಕಿಗಿ ಮೊದಲ ತಿಳಿಯಂಗಿಲ್ಲ."

ಇನ್ನೊಂದು ದೀಪ ತಂದು ಅವಳ ಕೈಗಿಟ್ಟೆ.

ತಾಯಂದಿರೇ, ನಿಮ್ಮ ಕೂಸು ನಾಳೆಯನ್ನು ನೆನೆದು ಅತ್ತರೆ ಅಳಲಿ. ಹತ್ತಿರ ಕೂತು ಉತ್ತರ ಹೇಳಿ. ಅಳು ನಿಲ್ಲಿಸುವ ಯಂತ್ರ ಹೊತ್ತು ಬಂದವನನ್ನು, ಅವನು ಎಷ್ಟೇ ಸಿಹಿಯಾಗಿ ಮಾತಾಡಲಿ, ಹೊಸ್ತಿಲು ದಾಟಿಸಬೇಡಿ.

ಪಟ್ಟಿ ಬರುವುದು ಹೆಸರಿಗೊಂದೇ. ಅದು ಬೆಸೆದುಹೋದರೆ ಆ ಹೆಸರಿಗೆ ಮತ್ತೊಂದಿಲ್ಲ. ನಾಳೆಯಿಂದ ನನಗೂ ಮುಂದಿನದು ಕಾಣದು, ಹೇಳಬೇಕಾದ್ದನ್ನು ಇಂದೇ ಹೇಳಿಬಿಟ್ಟದ್ದು ಅದಕ್ಕೇ. ನಾಳೆ ಬೆಳಗ್ಗೆ ಕಾಶವ್ವನನ್ನು ಎದುರಿಗೆ ಕೂರಿಸಿ, ಊರೆಲ್ಲ ನಡುಗುವಂತೆ ಗರ್ಜಿಸಿ, ಅವಳ ಪಟ್ಟಿಯನ್ನು ನನ್ನ ಹಣೆಗೆ ಕಟ್ಟಿಕೊಳ್ಳುತ್ತೇನೆ.