ಅಮ್ಮನ ಪದ್ಯಗಳ ಕೆಂಪು ಬಾವುಟ

ತಮ್ಮಾ,

ನನ್ನ ಫೋನಿನ ನೋಟ್ಸ್ ಆ್ಯಪನ್ನು ನೀನು ನಿನ್ನೆ ಚೊಕ್ಕ ಮಾಡಿಕೊಟ್ಟೆ. "ಅಕ್ಕಾ, ಎಷ್ಟೊಂದು ಕೆಂಪು ಬಾವುಟ ಇತ್ತು ಇದ್ರಲ್ಲಿ! ಎಲ್ಲಾದಕ್ಕೂ 'ಮುಗಿದಿದೆ' ಅಂತ ಹಾಕ್ಬಿಟ್ಟೆ, ಈಗ ನಿರಾಳ" ಅಂದೆ. ನಿರಾಳವಾಗಿಯೇ ಇದೆ. ಅಮ್ಮ ಹೇಳುವ ದೇವರ ಪದ್ಯಗಳು ಈಗ ನಲ್ಲಿ ರಿಪೇರಿ, ಚಪ್ಪಲಿ ಹೊಲಿಸುವುದು ಇವುಗಳ ಜೊತೆ ಮುಗಿದ ಕೆಲಸಗಳಾಗಿ ಕೂತಿವೆ.

ಆ ಬಾವುಟ ತುರ್ತು ಕೆಲಸದ್ದಲ್ಲ. ಈಚೆಗೆ ಅಮ್ಮ ಯಾವ ಸಾಲು ಮರೆತು ನಿಲ್ಲುತ್ತಾಳೋ, ಆ ಸಾಲಿಗೆ ನಾನಿಟ್ಟ ಗುರುತು. ದಿನಾ ಬೆಳಗ್ಗೆ ಅಡುಗೆಮನೆಯಲ್ಲಿ ನಾನು ಅದನ್ನೇ ಗುನುಗುತ್ತಿದ್ದೆ, ಅವಳ ಕಿವಿಗೆ ಬೀಳಲಿ ಎಂದು. ಇವತ್ತು ಯಾವುದನ್ನು ಗುನುಗಬೇಕೋ ತಿಳಿಯದೆ ಸುಮ್ಮನೆ ಪಾತ್ರೆ ತೊಳೆದೆ.

ನನಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ; ಫೋನನ್ನು ನಿನ್ನ ಹತ್ತಿರ ಬಿಟ್ಟುಹೋಗುತ್ತೇನೆ. ಅಮ್ಮ ಪದ್ಯ ಹೇಳುವಾಗ ನೀನು ಹತ್ತಿರ ಕೂರಬೇಕು. ಇಯರ್‌ಫೋನ್ ತೆಗೆದು ಕೂರಬೇಕು.

ಪದ್ಯಗಳಿಗೆ 'ಅಮ್ಮ' ಎಂಬ ಬೇರೆ ಟ್ಯಾಗ್ ಮಾಡು. ಅದಕ್ಕೆ ಯಾವ ಬಣ್ಣ, ಯಾವ ಚಿತ್ರ ಎಂಬ ಸಂಶೋಧನೆ ಬೇಡ. ಅವಳು ನಿಂತೇಬಿಟ್ಟ ಸಾಲಿಗೆ ಕೆಂಪು ಬಾವುಟ. ತಡವರಿಸಿ ತಾನೇ ಮುಂದೆ ಹೋದರೆ ಹಳದಿ. 'ಮುಗಿದಿದೆ' ಎಂಬ ಗುರುತು ಈ ಟ್ಯಾಗಿನಲ್ಲಿ ಇರುವುದೇ ಬೇಡ.

ಫೋನ್ ಅವಳಿಗೆ ಕಾಣಬಾರದು. ಪರೀಕ್ಷೆ ಮಾಡುತ್ತಿದ್ದೇವೆ ಎಂದು ಗೊತ್ತಾದರೆ ಹೇಳುವುದನ್ನೇ ಬಿಟ್ಟುಬಿಡುತ್ತಾಳೆ. ನಡುವೆ ನಿಂತು ನಿನ್ನ ಮುಖ ನೋಡಿದರೆ, "ನಂಗೂ ಮರ್ತೋಯ್ತಮ್ಮಾ, ಮೊದಲಿಂದ ಹೇಳು" ಅನ್ನು. ನಿನಗೆ ಒಂದು ಸಾಲೂ ಬರುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಮೊದಲಿಂದ ಹೇಳುತ್ತಾಳೆ.

ಅಕ್ಕ