ಶೇಕಡಾ ಎಪ್ಪತ್ತು

ಭಾನುವಾರ, ಸಂಜೆ

ಮನುಕುಲದ ಮುಂದಿನ ನೂರು ವರ್ಷದ ಚಿಂತೆ ಹೊತ್ತಿರುವ ಯಜಮಾನರಿಗೆ,

ಮಧ್ಯಾಹ್ನದ ಊಟ ಆರಿ ಹೋಯಿತು. ಮೇಜಿನ ಮೇಲೆ ಮೂರು ತಟ್ಟೆ ಇಟ್ಟಿದ್ದೆವು, ಒಂದು ಹಾಗೇ ಬೋರಲು ಬಿದ್ದಿದೆ. ಫೋನಿನಲ್ಲಿ ಮಾತಿಗಿಳಿದರೆ ನೀವು ಲೆಕ್ಕ ಹೇಳಿ ನನ್ನ ಬಾಯಿ ಮುಚ್ಚಿಸುತ್ತೀರಿ. ಅದಕ್ಕೇ ಕಾಗದ ಹಿಡಿದಿದ್ದೇನೆ. ಪೂರ್ತಿ ಓದಿ.

ನಿಮ್ಮ ಸಂಸ್ಥೆಯ ಕೆಲಸ ನನಗೆ ತಿಳಿಯದ್ದೇನಲ್ಲ. ಕೃತಕ ಬುದ್ಧಿಮತ್ತೆ ನಮ್ಮನ್ನು ಯಾವಾಗ ಮೀರಿಸುತ್ತದೆ, ಯಾವ ಕಸುಬು ಉಳಿಯುತ್ತದೆ, ಯಾವುದು ಮುಳುಗುತ್ತದೆ ಎಂದು ಶುಕ್ರವಾರ ಶುಕ್ರವಾರ ದುಂಡು ಮೇಜಿನ ಸುತ್ತ ಕೂತು ಒಬ್ಬೊಬ್ಬರೂ ಒಂದೊಂದು ಶೇಕಡಾ ಬರೆದು ಕೊಡುತ್ತೀರಿ. ಅದರ ಸರಾಸರಿ ಮರುದಿನ ದೊಡ್ಡ ಸುದ್ದಿಯಾಗುತ್ತದೆ, ಅದರ ಮೇಲೆ ನಿಮ್ಮ ಭಾಷಣ ಟೀವಿಯಲ್ಲಿ ಬರುತ್ತದೆ. ಆಗಲಿ. ಆದರೆ ಆ ಚಾಳಿಯನ್ನು ಮನೆಗೂ ತಂದಿರಲ್ಲ, ಅದಕ್ಕೆ ನನಗೆ ಮೈ ಉರಿಯುವುದು. ಕಾಫಿ ಬೇಕೇ ಎಂದರೂ ಶೇಕಡಾ ಅರವತ್ತು ಎನ್ನುತ್ತಿದ್ದಿರಿ. ಕೆಲಸ ತುರ್ತಿನದು ಎಂದು ಕಚೇರಿಯ ಪಕ್ಕದಲ್ಲೇ ಕೋಣೆ ಹಿಡಿದು ಹೊರಟಾಗ, ವಾಪಸು ಬರುತ್ತೀರಾ ಎಂದು ಕೇಳಿದ್ದಕ್ಕೂ ಒಂದು ಸಂಖ್ಯೆ ಕೊಟ್ಟಿರಿ. ಅದನ್ನು ನಾನು ಮರೆತಿದ್ದೇನೆ ಅಂದುಕೊಳ್ಳಿ.

ನನ್ನ ಮಾತು ಬಿಡಿ, ನಮ್ಮ ಚಿನಕುರುಳಿಯ ವಿಷಯಕ್ಕೆ ಬರುತ್ತೇನೆ. ಕಿವಿ ಕೇಳದ ಪುಟ್ಟ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆ ಸೇರುತ್ತೇನೆ ಎಂದು ಮಗಳು ಕುಣಿದಾಡುತ್ತಿದ್ದಳು. ನಿಮ್ಮನ್ನೂ ಒಂದು ಮಾತು ಕೇಳಿದಳು. ಆ ಕೆಲಸ ಮನುಷ್ಯರ ಕೈಯಲ್ಲಿ ಉಳಿಯುವ ಸಾಧ್ಯತೆ ಶೇಕಡಾ ಮೂವತ್ತು ಎಂದಿರಿ. ಅಷ್ಟೇ. ಸೇರು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅಂದಿನಿಂದ ಹುಡುಗಿಗೆ ಮಂಕು ಕವಿದಿತ್ತು. ಏನು ಕಲಿತು ಏನಮ್ಮಾ, ಎಲ್ಲಾ ಮಷೀನೇ ಮಾಡುತ್ತಲ್ಲ ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನನ್ನ ಕನ್ನಡಕದ ಅಂಗಡಿಗೆ ನಿಮ್ಮಂಥ ಗಿರಾಕಿಗಳು ದಿನಾ ಬರುತ್ತಾರೆ. ಬೀದಿಯಾಚೆಯ ಬೋರ್ಡು ಸಲೀಸಾಗಿ ಓದುತ್ತಾರೆ, ಕೈಯಲ್ಲಿರುವ ಚೀಟಿ ಕಾಣುವುದಿಲ್ಲ. ಅವರಿಗಾದರೆ ಗಾಜು ಹಾಕಿ ಕಳಿಸುತ್ತೇನೆ. ನಿಮಗೇನು ಮಾಡಲಿ?

ಇವತ್ತು ಬಂದು ಅವಳ ಹತ್ತಿರ ಕೂತು ನಾಲ್ಕು ಮಾತಾಡುತ್ತೀರಿ ಎಂದು ನಂಬಿದ್ದೆ. ಬರುವುದು ಶೇಕಡಾ ಎಪ್ಪತ್ತು ಎಂದಿದ್ದಿರಿ. ಅವಳು ಬೆಳಿಗ್ಗೆಯೇ ತಲೆ ಬಾಚಿಕೊಂಡು ಕಿಟಕಿಯ ಬಳಿ ಕೂತು, ಪ್ರತಿ ಬಸ್ಸಿಗೂ ಕತ್ತು ಚಾಚುತ್ತಿದ್ದಳು. ಊಟದ ಹೊತ್ತು ಮೀರಿತು. ಇನ್ನೇನು ಅಳುತ್ತಾಳೆ ಅಂದುಕೊಂಡೆ. ಅವಳು ಮುಖ ತಿರುಗಿಸಿ, ಅಮ್ಮಾ, ಮೂವತ್ತೂ ಆಗುತ್ತೆ ನೋಡು ಅಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪ ಬರದೇ ಇರೋದು ಬರೀ ಮೂವತ್ತು ತಾನೇ, ಆದ್ರೂ ಆಯ್ತಲ್ಲ, ಹಾಗಾದ್ರೆ ನನ್ನದು ಯಾಕೆ ಆಗಬಾರದು ಎಂದು ಕೇಳಿದಳು. ಆರಿದ ಊಟವನ್ನೇ ಉಂಡು, ಕೈ ತೊಳೆದು, ತರಬೇತಿಗೆ ಹೆಸರು ಕಳಿಸಿಬಿಟ್ಟಳು.

ನೀವು ಬಂದು ಮಾಡಬೇಕಾದದ್ದು ನೀವು ಬರದೇ ಇದ್ದದ್ದರಿಂದ ಆಯಿತು. ಇದಕ್ಕೆ ಸಂತೋಷಪಡಲೋ ತಲೆ ಚಚ್ಚಿಕೊಳ್ಳಲೋ ಗೊತ್ತಾಗುತ್ತಿಲ್ಲ. ಅಪ್ಪ ಬರಲಿಲ್ಲ ಎನ್ನುವುದರಿಂದ ಒಂದು ಹುಡುಗಿ ಧೈರ್ಯ ತಂದುಕೊಳ್ಳಬೇಕೇನ್ರೀ?

ಹೆಸರು ಕಳಿಸಿದ ಕೂಡಲೇ ಅವರ ಉತ್ತರ ಬಂತು, ಗುರುವಾರ ಬೆಳಿಗ್ಗೆ ಅವಳ ಸಂದರ್ಶನ. ತಂದೆ ತಾಯಿ ಇಬ್ಬರೂ ಬಂದರೆ ಒಳ್ಳೆಯದು ಎಂದಿದ್ದಾರೆ. ಬರುತ್ತೇನೆ ಅನ್ನಿ, ಇಲ್ಲ ಬರುವುದಿಲ್ಲ ಅನ್ನಿ. ನಡುವಿನದ್ದೇನಾದರೂ ಬಾಯಿಂದ ಬಂದರೆ ಫೋನು ಕುಕ್ಕುತ್ತೇನೆ. ನಿಮ್ಮ ಭಾಷಣ ಕೇಳುವಷ್ಟು ಪುರುಸೊತ್ತು ನನಗೆ ಎಂದೂ ಇಲ್ಲ, ಈ ಒಂದು ಮಾತನ್ನು ಮಾತ್ರ ಕೇಳುತ್ತೇನೆ.

ಇಂತಿ,
ಸದ್ಯಕ್ಕೆ ನಿಮ್ಮ ಹೆಂಡತಿ

ಬರೆಯಲು ಮರೆತದ್ದು: ಮೊನ್ನೆಯ ಭಾಷಣದಲ್ಲಿ ಪ್ರಶ್ನೋತ್ತರ ಶುರುವಾದ ಮೇಲೆ ತುಂಬ ಕೆಮ್ಮಿದಿರಿ. ಅದರ ಹಿಂದಿನದರಲ್ಲೂ. ಡಾಕ್ಟರಿಗೆ ತೋರಿಸಿ. ಆ ಬೂದು ಅಂಗಿಯಲ್ಲಿ ತೀರಾ ಸೊರಗಿದಂತೆ ಕಾಣುತ್ತೀರಿ, ಗುರುವಾರ ಅದನ್ನು ಹಾಕಿಕೊಂಡು ಬರಬೇಡಿ.